ಒಂದು ಮಿಲಿ

ತಿಬಿಲಿಸಿಯ ನಮ್ಮ ಒಂಬತ್ತು ಮಹಡಿಯ ಕಟ್ಟಡದಲ್ಲಿ
ಲಿಫ್ಟು ಏರಬೇಕಾದರೆ ಡಬ್ಬಿಗೆ ಕಾಸು ಹಾಕಬೇಕು.
ಕಾಸು ನುಂಗಿ ಅದು ನಡುವೆ ನಿಂತುಬಿಟ್ಟರೆ
ನನ್ನ ತಮ್ಮ ನುಗ್ಜಾರ್ ಅದರ ನೆತ್ತಿಗೆ ಹತ್ತುತ್ತಾನೆ
ಹಲ್ಲಲ್ಲಿ ಟಾರ್ಚು ಕಚ್ಚಿಕೊಂಡು.

ಕಟ್ಟಡದವರ ಮುಖ ಅವನಿಗೆ ಅಷ್ಟಕ್ಕಷ್ಟೆ,
ಸುಳಿ ಗೊತ್ತು.
ನಾಲ್ಕನೇ ಮಹಡಿಯ ಪಿಟೀಲು ಮೇಷ್ಟರದು ಎಡಸುಳಿ,
ಬ್ರೆಡ್ಡಿನಂಗಡಿಯ ತ್ಸಿಯಾಲಾಗೆ ಎರಡು,
ಏಳನೆಯ ಮಹಡಿಯ ವಕೀಲರಿಗೆ ಸುಳಿಯೇ ಇಲ್ಲ, ಬರೀ ಬಯಲು.
ತನ್ನದನ್ನು ಮಾತ್ರ ಅವನು ನೋಡಿರಲಿಲ್ಲ,
ಲಿಫ್ಟಿಗೆ ಹೊಸ ಕ್ಯಾಮೆರಾ ಕೂರಿಸಿದ ದಿನದವರೆಗೆ.
ಫೋನಿನ ಪರದೆಯಲ್ಲಿ ಯಾರದೋ ಬೋಳು ನೆತ್ತಿ.
ಯಾರಪ್ಪಾ ಇವನು ಎಂದು ಕೈಯೆತ್ತಿದ.
ಪರದೆಯವನೂ ಎತ್ತಿದ.

ಅಪ್ಪ ಹೇಳುತ್ತಿದ್ದ, ನಮ್ಮ ವಂಶದವರ ಹಣೆ ದೊಡ್ಡದು,
ಬರೆಯುವವನಿಗೆ ಜಾಗ ಬೇಡವೇ ಎಂದು.
ಅವನ ಕೊನೆಯ ಫೋಟೋದಲ್ಲಿ
ಆ ಹಣೆ ಹಿಂದಕ್ಕೆ ಹಿಂದಕ್ಕೆ ಸರಿದು
ಕತ್ತಿನವರೆಗೂ ಬರೆಯುವಷ್ಟು ಜಾಗವಿದೆ.
ಬರಹ ಮಾತ್ರ ಎರಡೇ ಸಾಲಿನದು.

ಮಿನಾಕ್ಸಿಡಿಲ್. ಸೀಸೆಗೆ ಅರವತ್ತು ಮಿಲಿ.
ಬೆಳಿಗ್ಗೆ ಒಂದು, ರಾತ್ರಿ ಒಂದು,
ಒಂದು ತಿಂಗಳಿಗೆ ಸರಿಯಾಗಿ ಮುಗಿಯುತ್ತದೆ.
ಬೆಳಗಿನದನ್ನು ಅವನೇ ಅಂದಾಜಿನಲ್ಲಿ ಹಾಕಿಕೊಳ್ಳುತ್ತಾನೆ,
ರಾತ್ರಿಯದು ನನ್ನ ಪಾಲು.
ಅಡಿಗೆಮನೆಯ ಸ್ಟೂಲಿನ ಮೇಲೆ ತಲೆ ಬಗ್ಗಿಸಿ ಕೂರುತ್ತಾನೆ
ತಪ್ಪು ಮಾಡಿದ ಹುಡುಗನ ಹಾಗೆ, ನಲವತ್ತೊಂದರ ಗಂಡಸು.
ಸ್ಪಿರಿಟ್ಟಿನ ವಾಸನೆಗೆ
ಒಲೆಯ ಮೇಲಿನ ಹುರುಳಿಕಾಯಿಯ ವಾಸನೆ ಸೋಲುತ್ತದೆ.

ಮೂರನೇ ವಾರ ಇದ್ದದ್ದೂ ಉದುರತೊಡಗಿತು.
ದಿಂಬಿನ ಮೇಲೆ, ಸಾಬೂನಿನ ಮೇಲೆ, ಸೂಪಿನಲ್ಲಿ ಒಂದು.
ಔಷಧಿ ಅಂಗಡಿಯ ಹುಡುಗಿ ತಲೆಯೆತ್ತದೆ ಹೇಳಿದಳು:
ಹೀಗೇ ಆಗುತ್ತೆ, ಬಿಡಬೇಡಿ. ನಾಲ್ಕು ತಿಂಗಳು ಕಾಯಿರಿ.
ಬಂದ ಮೇಲೂ ಬಿಡಬೇಡಿ, ಬಿಟ್ಟರೆ ಬಂದದ್ದೂ ಹೋಗುತ್ತೆ.
ಅಂದರೆ ಬಾಡಿಗೆಯ ಕೂದಲು, ಅಂದ ನುಗ್ಜಾರ್.
ನಮ್ಮ ಲಿಫ್ಟಿನ ಹಾಗೆ, ಅಂದೆ ನಾನು.
ಅವನು ನಗಲಿಲ್ಲ.

ಐದನೆಯ ತಿಂಗಳಲ್ಲಿ ಏನೋ ಕಂಡಿತು.
ಪೀಚ್ ಹಣ್ಣಿನ ಸಿಪ್ಪೆಯ ಮೇಲಿರುವಷ್ಟು,
ಕೂದಲು ಎನ್ನಲೋ ಬೇಡವೋ.
ದೀಪ ಹತ್ತಿರ ತಂದು ನೋಡಿದೆ, ಊದಿ ನೋಡಿದೆ.
ಅಲುಗಿತು. ಅಲುಗಿತು ಕಣೋ, ಅಂದೆ.
ಅವನು ಎದ್ದು ನಿಂತು ಪಿಪೆಟ್ಟು ಕಸಿದುಕೊಂಡು
ಈಗ ನೀನು ಕೂತ್ಕೋ ಅಂದ.

ನಾನ್ಯಾಕೆ?

ಜನವರಿಯಲ್ಲಿ ಐದಕ್ಕೂ ಆರಕ್ಕೂ ನಡುವೆ ಸಿಕ್ಕಿಕೊಂಡಿದ್ದೆಯಲ್ಲ,
ಮೇಲಿನ ಮುಚ್ಚಳ ತೆಗೆದಾಗ ನೋಡಿದೆ.

ಎಂಟು ತಿಂಗಳು ಏನೂ ಅಂದಿರಲಿಲ್ಲ.
ನಾನೂ ಅಂದಿರಲಿಲ್ಲ, ಯಾರಿಗೂ:
ಬೈತಲೆಯನ್ನು ವರ್ಷಕ್ಕಿಷ್ಟು ಪಕ್ಕಕ್ಕೆ ಸರಿಸುತ್ತ ಬಂದದ್ದು,
ಹುಬ್ಬಿನ ಪೆನ್ಸಿಲಿನಿಂದ ಅದನ್ನು ತಿದ್ದಿದ್ದು,
ಇಗರ್ಜಿಯಲ್ಲಿ ಹೆಂಗಸರು ತಲೆವಸ್ತ್ರ ಹೊದೆಯಬೇಕೆಂಬ ಕಟ್ಟಳೆಗೆ
ಮನಸ್ಸಲ್ಲೇ ಮೇಣದಬತ್ತಿ ಹಚ್ಚಿದ್ದು.
ಮನೆಯನ್ನು ಮಗನ ಹೆಸರಿಗೇ ಬರೆದ ಅಪ್ಪ
ಇದೊಂದನ್ನು ಮಾತ್ರ ಸಮಪಾಲು ಮಾಡಿ ಹೋಗಿದ್ದ.

ಕೂತೆ.
ಗ್ರೀಸು ಕೂತ ಉಗುರುಗಳು ಬೈತಲೆಯನ್ನು ಹುಡುಕಿದವು,
ಸಿಕ್ಕಿಬಿದ್ದ ಲಿಫ್ಟಿನ ತಂತಿ ಹುಡುಕುವಂತೆ, ಅವಸರವಿಲ್ಲದೆ.
ತಣ್ಣಗೆ ಒಂದು ಹನಿ ದಾರಿ ತಪ್ಪಿ ಕಿವಿಯ ಹಿಂದೆ ಇಳಿಯಿತು.
ಹೆಬ್ಬೆರಳಲ್ಲಿ ತಡೆದ.
ಅಲುಗಾಡಬೇಡ, ಏತೆರಿ.

ಗೋಡೆಯಾಚೆ ಯಾರೋ ಕಾಸು ಹಾಕಿದರು.
ಲಿಫ್ಟು ಒಮ್ಮೆ ಗೊಣಗಿ ಏರತೊಡಗಿತು.

ನನಗೆ ರಾತ್ರಿ ಒಂದೇ ಸಲ ಸಾಕಂತೆ.
ಸೀಸೆ ಈಗ ಇಪ್ಪತ್ತು ದಿನಕ್ಕೆ ಮುಗಿಯುತ್ತದೆ.