ತೂಕದ ಪುಸ್ತಕ

ಒಳಗೆ ಬಂದದ್ದು ಹನ್ನೊಂದು ಸಾವಿರದ ನಾನೂರು ಕಿಲೋ,
ಹೊರಗೆ ಹೋದದ್ದು ಹತ್ತು ಸಾವಿರದ ಎಂಟುನೂರ ಎಪ್ಪತ್ತು.
ತಿಂಗಳು ತಿಂಗಳೂ ಹೀಗೇ. ಕೂಡಿ ನೋಡುತ್ತೇನೆ, ಕಳೆದು ನೋಡುತ್ತೇನೆ,
ಪ್ರಾತೊದ ಈ ಹೊಳೆದಂಡೆಯ ಉಗ್ರಾಣದಿಂದ
ಐನೂರ ಮೂವತ್ತು ಕಿಲೋ ಉಣ್ಣೆ
ಎಲ್ಲಿಗೋ ಎದ್ದು ಹೋಗುತ್ತದೆ.

ಲೊರಿಯಾನೊನನ್ನು ಕೇಳಿದರೆ ನಗುತ್ತಾನೆ.
ಐವತ್ತೆರಡು ವರ್ಷ ಚಿಂದಿ ಆರಿಸಿದ ಕೈ:
ಮುಟ್ಟಿದರೆ ಸಾಕು, ಇದು ಕುರಿ, ಇದು ಮೇಕೆ, ಇದು ಬರೀ ಪೆಟ್ರೋಲು.
ಅನುಮಾನ ಬಂದರೆ ಒಂದೆಳೆ ಕಿತ್ತು ಲೈಟರ್ ಹಿಡಿಯುತ್ತಾನೆ.
ಕೂದಲು ಸುಟ್ಟ ವಾಸನೆ ಬಂತೋ, ಉಣ್ಣೆ.
ಕರಗಿ ಕರಿಮಣಿಯಾಯಿತೋ,
ಆ ಮೂಲೆಗೆ.

ಹ್ಯಾಂಬರ್ಗಿನ ಕೋಟು, ವಿಯೆನ್ನಾದ ಯಾವುದೋ ಶಾಲೆಯ ಸ್ವೆಟರು,
ಮದುವೆಗೆಂದು ಹೊಲಿಸಿ ಒಮ್ಮೆಯೇ ತೊಟ್ಟ ಸೂಟು;
ಜೇಬಿನಲ್ಲಿ ಟ್ರಾಮಿನ ಟಿಕೆಟ್ಟು, ಅರ್ಧ ಮುರಿದ ಶೀತದ ಮಾತ್ರೆ.
ಸುಝೆನ್ ಅಸ್ತರು ಬಿಚ್ಚುತ್ತಾಳೆ, ಗುಂಡಿ ಕೀಳುತ್ತಾಳೆ.
ಜಿಪ್ಪಿನ ಹಲ್ಲು ಡಬ್ಬಿಗೆ ಸುರಿಯುವ ಸದ್ದು,
ಮಧ್ಯಾಹ್ನವೆಂದರೆ ಅಷ್ಟೇ.

ನೀಲಿಯೊಳಗೆ ಹದಿನಾಲ್ಕು ನೀಲಿ.
ಪೊಲೀಸ್ ನೀಲಿ, ಹಡಗಿನ ನೀಲಿ, ಒಗೆದೊಗೆದು ಸೋತ ನೀಲಿ.
ಹೀಗೆ ಬೇರೆ ಮಾಡಿಟ್ಟರೆ ಮತ್ತೆ ಬಣ್ಣದಲ್ಲಿ ಅದ್ದಬೇಕಿಲ್ಲ,
ಹೊಳೆಗೆ ಆ ಪಾಲು ವಿಷ ತಪ್ಪಿತು.
ಹಿಂಜಿದರೆ, ನೂತರೆ,
ನೀಲಿಯ ಹೊಟ್ಟೆಯಲ್ಲಿ ನೀಲಿಯೇ.

ಮೊನ್ನೆ ಮಿಲಾನಿನಿಂದ ಬಂದ ತಪಾಸಣೆಯ ಹುಡುಗ
ಕಾಗದದ ಮೇಲೊಂದು ವೃತ್ತ ಬರೆದ. ಚೆಂದವಾಗಿಯೇ ಬರೆದ.
ಬಾಣಗಳು ಒಂದರ ಬಾಲ ಒಂದು ಕಚ್ಚಿ ಸುತ್ತುತ್ತಿದ್ದವು.
“ಉಳಿದ ಐನೂರ ಮೂವತ್ತು?” ಎಂದ.

ಲೊರಿಯಾನೊ ಕೈಲಿದ್ದ ತೋಳಿನಿಂದ ಒಂದೆಳೆ ಬಿಡಿಸಿ
ಅವನ ಅಂಗೈಯಲ್ಲಿಟ್ಟ. ಕಿರುಬೆರಳ ಉಗುರಿನಷ್ಟೂ ಇರಲಿಲ್ಲ.
“ಇದಕ್ಕಿದು ಮೂರನೆಯ ಸುತ್ತು.
ಹಿಂಜಿದಾಗಲೆಲ್ಲ ಒಂದಿಷ್ಟು ಗಿಡ್ಡ.
ಇನ್ನು ಒಂಟಿಯಾಗಿ ನೂಲಾಗದು,
ಈ ವರ್ಷದ ಕುರಿಯ ಉದ್ದನೆಯ ಎಳೆ ಒಂದಿಷ್ಟು ಬೇಕು.
ಹಳೇ ಹುಳಿಹಿಟ್ಟಿಗೆ ಹೊಸ ಹಿಟ್ಟು ಬೇಕಲ್ಲ, ಹಾಗೆ.”

ಹುಡುಗ ಬರೆದುಕೊಳ್ಳಲಿಲ್ಲ.
ಆ ಕಾಗದದಲ್ಲಿ ಅದಕ್ಕೆ ಮನೆಯಿರಲಿಲ್ಲ.

ಸಂಜೆ ಶಟರ್ ಎಳೆಯುವಾಗ ಬಿಸಿಲಕೋಲಿನಲ್ಲಿ
ಧೂಳು ಏಳುತ್ತಿತ್ತು, ಅವಸರವಿಲ್ಲದೆ.
ಸುಝೆನ್ ಸೀನಿದಳು. ಲೊರಿಯಾನೊನ ಹುಬ್ಬು ಆ ದಿನ ನೀಲಿ.
ಪುಸ್ತಕ ಕೊಡವಿದೆ:
ಪುಟಗಳ ನಡುವಿನಿಂದ ಹಡಗಿನ ನೀಲಿ ಉದುರಿತು.

ನಷ್ಟದ ಕಾಲಮಿನಲ್ಲಿ ಐನೂರ ಮೂವತ್ತು ಎಂದೇ ಬರೆದೆ.
ಕೆಳಗೆ, ಪೆನ್ಸಿಲಿನಲ್ಲಿ:
ನಮ್ಮ ಮೂವರ ಎದೆಗೂಡಿನಲ್ಲಿ ಎಷ್ಟೋ, ತೂಗಿಲ್ಲ.