ಹನ್ನೊಂದು ಸೆಕೆಂಡು

ಡಿಪೋದಾಗ ಬಸ್ಸಿನ ಹಾರ್ನು ರಿಪೇರಿ ಮಾಡಾಂವ ನಾ.
ಮೂವತ್ತೊಂದು ವರ್ಷ. ಈ ಕಿವಿ ಎಂದೋ ಕೆಡಬೇಕಿತ್ತು,
ಕೆಡಲಿಲ್ಲ. ಯಾಕಂದ್ರ ರಾತ್ರಿ
ಅದಕ್ಕ ಬ್ಯಾರೆ ಊಟ ಇತ್ತು.

ಆಬ್ರಿ ಕುಟಿನ್ಹೊ. ಹೆಸರು ಕೇಳಿರ್ತೀರಿ.
ಮುಂಬೈದಾಗ ಅಂವನ ಗಿಟಾರಿಗೆ ಮಂದಿ ಕುರ್ಚಿ ಮುರಿದದ್ದು,
ರೆಕಾರ್ಡಿನ ಕವರಿನ ಮ್ಯಾಲೆ ಆ ಉದ್ದಗೂದಲ, ಆ ಕೆಂಪು ಬೆಲ್‌ಬಾಟಂ,
ಅದು ಎಲ್ಲಾರಿಗೂ ಗೊತ್ತು.
ನನಗ ಬೇಕಾದಾಂವ ಅಂವ ಅಲ್ಲ.
ಅದಕ್ಕೂ ಮೊದಲ, ಹುಬ್ಬಳ್ಳಿ ರೇಲ್ವೆ ಕಾಲೋನಿಯಿಂದ
ಗಿಟಾರ ಬೆನ್ನಿಗೆ ಕಟಗೊಂಡು
ಉಣಕಲ್ ಏರಿನಾಗ ಸೈಕಲ್ ಇಳದು ನೂಕಿ
ಧಾರವಾಡದ ರೇಡಿಯೋಕ್ಕ ನಾಲ್ಕು ಸಲ ಹೋಗಿ ಹಾಡಿ
ಸಲಕ್ಕ ಇಪ್ಪತ್ತೈದು ರೂಪಾಯಿ ಚೆಕ್ಕು ಇಸಗೊಂಡು
ಇಳಿಜಾರಿನಾಗ ಪೆಡಲ್ ತುಳಿಯದ ಮನಿಗೆ ಬಂದ ಹುಡುಗ.

ಆ ನಾಲ್ಕು ಬೇಕು.

ಒಂದನೇದು ಕೇಶ್ವಾಪುರದ ಫಿಲೋಮಿನಾಬಾಯಿ ಅಕ್ಕಿ ಡಬ್ಬಿಯಾಗ.
ಅಂವನ ಜೋಡಿ ಡ್ರಮ್ಮು ಬಾರಸ್ತಿದ್ದಾಂವನ ಹೆಂಡತಿ.
"ಕೇಳಿ ಏನ ಮಾಡ್ತಿ?" ಅಂದ್ಲು, ಬಾಡಿಗಿ ಕೇಳಿದಂಗ.
ಉತ್ತರ ಇರಲಿಲ್ಲ. ಚಹಾ ಕುಡದ್ವಿ.
ಸ್ಪೂಲಿನ ಸುರುಳಿಯಾಗಿಂದ ಎರಡು ಅಕ್ಕಿಕಾಳು ಉದರಿದ್ವು,
ಅವನ್ನೂ ಇಟಗೊಂಡೇನಿ.

ಎರಡನೇದು ಬೆಟಗೇರಿಯಾಗ. ನೇಕಾರ ತಿಪ್ಪಣ್ಣ ಹೊನ್ನಳ್ಳಿ
ರೇಡಿಯೋದ ಬಾಯಿಗೆ ಮೈಕು ಹಿಡದು ತುಂಬಿಕೊಂಡದ್ದು.
ಬಾಜೂ ಖೋಲಿಯಾಗ ಅವರವ್ವ ಮಗ್ಗ ನಿಲ್ಲಿಸಿಲ್ಲ:
ಖಟ್ ಖಟಲ್, ಖಟ್ ಖಟಲ್.
ಮೊದಮೊದಲ ಸಿಟ್ಟು ಬಂತು.
ಮುಂಬೈ ರೆಕಾರ್ಡಿನಾಗೂ ಅದ ಹಾಡ ಐತಿ, ಮಗ್ಗ ಇಲ್ಲ.
ಈಗ ಅದನ್ನ ಕೇಳಿದ್ರ
ಒಂದು ಕಾಲಿಲ್ಲದ ಹೊರಸಿನ ಮ್ಯಾಲೆ ಕುಂತಂಗ ಆಕ್ಕೈತಿ.

ಮೂರನೇದರ ಬಗ್ಗೆ ಹೇಳಾಂಗಿಲ್ಲ.
ಕೊಟ್ಟಾಂವ ಹೇಳಬ್ಯಾಡ ಅಂದಾನ.

ನಾಲ್ಕನೇದಕ್ಕ ಒಂಬತ್ತು ವರ್ಷ ಹಿಡೀತು.
ರಿಟೈರಾದ ಎಂಜಿನೀಯರು ಗಲಗಲಿಯವರು
ಮಾಳಮಡ್ಡಿ ಮನಿ ಅಟ್ಟದಿಂದ ತಾವ ಇಳಿಸಿಕೊಟ್ರು.
"ಆಗ ಟೇಪು ತುಟ್ಟಿ, ತಮ್ಮಾ. ಅಳಸು ಅಂದ್ರು, ಅಳಿಸಿದೆ.
ಪೂರಾ ಅಳಿಸೇನೋ ಇಲ್ಲೋ ನೋಡು."

ಸ್ಪಿರಿಟ್ಟಿನಾಗ ಅರಳಿ ಅದ್ದಿ ಹೆಡ್ಡು ತಿಕ್ಕಿದೆ.
ಹುಳಿ ವಾಸನಿ. ಉಸರ ಹಿಡದು ಗುಂಡಿ ಒತ್ತಿದೆ.
ತಂತಿ ಬಿಗಿ ಮಾಡೋ ಸದ್ದು. ಒಂದು ಕೆಮ್ಮು.
"ಹೂಂ, ಚಾಲೂ ಮಾಡ್ಲಿ?"
ಆಬ್ರಿ! ನಮ್ಮ ಹುಬ್ಬಳ್ಳಿ ಮಾತಿನ್ಯಾಗ!
ಹನ್ನೊಂದು ಸೆಕೆಂಡು.
ಆಮ್ಯಾಲೆ, ಅಳತಿ ಹಿಡದಂಥಾ ಒಂದು ದನಿ:
"ಬ್ಯಾಡಗಿ ಪೇಟೆ. ಕಡ್ಡಿ ಮೆಣಸಿನಕಾಯಿ, ಕ್ವಿಂಟಲಿಗೆ..."
ಇಪ್ಪತ್ತೆಂಟು ನಿಮಿಷ. ಮೆಣಸಿನಕಾಯಿ, ಹತ್ತಿ, ಶೇಂಗಾ.

ಆ ದನಿಗೆ ನಾ ಬೈದದ್ದು ನನ್ನ ಸ್ಕ್ರೂಡ್ರೈವರಿಗೆ ಗೊತ್ತು.

ಎರಡು ತಿಂಗಳಿಗೆ ಗಲಗಲಿಯವರ ಚೀಟಿ ಹಿಡಕೊಂಡು
ಹಾವೇರಿಯಿಂದ ಒಬ್ಬಾಕಿ ಡಿಪೋದ ಗೇಟಿಗೆ ಬಂದ್ಲು.
ಶಶಿಕಲಾ ಬಣಕಾರ. ಕಂಕುಳಾಗ ರಗ್ಗಿನ ಚೀಲ.
"ಪೇಟೆ ಧಾರಣಿ ಓದತಿದ್ದಾಂವ ನಮ್ಮಪ್ಪರೀ.
ಫೋಟೋ ಅದಾವು. ದನಿ ಇಲ್ಲ."

ಹಾಕಿದೆ.
ಮೊದಲಿನ ಹನ್ನೊಂದು ಸೆಕೆಂಡಿಗೆ
ಸೊಳ್ಳಿ ಹೊಡದಂಗ ಕೈ ಆಡಿಸಿದ್ಲು:
"ಇದೇನ ಗದ್ದಲರೀ. ಮುಂದ ಒತ್ರಿ."

ಒತ್ತಿದೆ.

ಡಬ್ಬಿ ಮೆಣಸಿನಕಾಯಿಗೆ ಬಂದಾಗ ಆ ದನಿ
ಒಂದು ಗಳಿಗಿ ನಿಂತಿತು. ಹಾಳಿ ತಿರುವಿದ ಸದ್ದು.
"ಬಟ್ಟಿಗೆ ಎಂಜಲ ಹಚಗೊಂಡ ತಿರವತಿದ್ದ," ಅಂದ್ಲು.
ಮತ್ತ ಮಾತಾಡಲಿಲ್ಲ. ಶೇಂಗಾ ಮುಗಿಯೂ ತನಕಾ
ಸೆರಗಿನ ತುದಿ ಸುತ್ತಿದ್ಲು, ಬಿಚ್ಚಿದ್ಲು.
ಕಾಪಿ ಕೇಳಿದ್ಲು, ಆ ಗದ್ದಲ ತಗದು.
ತಗದು ಕೊಟ್ಟೆ.

ಈಗ ರಾತ್ರಿ ನಾ ಹನ್ನೊಂದಕ್ಕ ನಿಲ್ಲಿಸಾಂಗಿಲ್ಲ.
ಅವರಪ್ಪ ಓದಲಿ ಅಂತ ಬಿಡತೇನಿ.
ಅಂವ ಹಾಳಿ ತಿರುವೋ ಆ ಒಂದು ಸಂದಿನಾಗ,
ದೂರ, ಗ್ವಾಡಿ ಆಚಿಂದ ಬಂದಂಗ,
ಸರಿಯಾಗಿ ಅಳಿಸದ ಒಂದು ತಂತಿ
ಇನ್ನೂ ಗುಂಯ್ ಅಂತೈತಿ.

ಇಲ್ಲಾಂದ್ರ, ಕಡೀಕೂ, ಹಾರ್ನಿಗೆ ಸೋತ ನನ್ನ ಕಿವಿ.