ಮರುಗಂಟೆ

ರಾತ್ರಿ ಹನ್ನೊಂದು ಐವತ್ತೊಂಬತ್ತು, ಅವರ ಗಡಿಯಾರದಲ್ಲಿ.
ಹಟ್ಟಿಯಲ್ಲಿ ಆಗ ನಾಲ್ಕೂವರೆಗೆ ಒಂದು ನಿಮಿಷ ಕಡಿಮೆ,
ಮೂರನೇ ಪಾಳಿಯವರು ಇನ್ನೂ ನೆಲದೊಳಗೇ ಇರುವ ಹೊತ್ತು.
ಅಷ್ಟರೊಳಗೆ ಹೋಗಬೇಕು
ಸ್ವರಲಿಪಿಯ ಹದಿನೇಳು ಪುಟ,
ಮೂವತ್ತೈದು ಯೂರೋ, ಅಂದರೆ ಮೂರು ಸಾವಿರದ ಚಿಲ್ಲರೆ,
ಬರೆದವರ ಹೆಸರು ಎಲ್ಲೂ ಕಾಣಬಾರದು,
ವಯಸ್ಸು ನಲವತ್ತು ದಾಟಿರಬಾರದು.
ನನಗಿನ್ನೂ ಐದು ತಿಂಗಳಿದೆ.

ಹೆಸರು ಅಳಿಸುವುದು ಸುಲಭ.
ಅಂತೋನಮ್ಮ ಇದ್ದದ್ದು ಮೊದಲ ಪುಟದ ಬಲತುದಿಯಲ್ಲಿ ಮಾತ್ರ.
ತೊಡಕಾದದ್ದು ವಾದ್ಯಗಳಲ್ಲಿ:
ಎರಡು ವಯೊಲಾ, ಒಂದು ಬಾಸ್ ಕ್ಲಾರಿನೆಟ್,
ಆಮೇಲೆ, ಜಾರುವ ಪಟ್ಟಿಯ ತಳದವರೆಗೆ ಇಳಿದರೂ ಸಿಗದ
ಗಣಿಬಾವಿಯ ಗಂಟೆ.
'ಇತರೆ' ಒತ್ತಿದೆ.
'ನೂರು ಪದಗಳಲ್ಲಿ ವಿವರಿಸಿ' ಎಂದಿತು.

ನೂರು ಯಾಕೆ?
ಅಪ್ಪ ಮೂವತ್ತೊಂದು ವರ್ಷ ಮೂರೇ ಅಂಕಿಗಳಲ್ಲಿ ಮಾತಾಡಿದ.
ಎರಡು ಬಡಿದರೆ, ಇಳಿಸು.
ಮೂರು ಬಡಿದರೆ, ಒಳಗಿರುವುದು ಅದಿರಲ್ಲ, ಮನುಷ್ಯರು.
ಒಂದು ಬಡಿದರೆ
ನಿಂತ ಪಂಜರ ಏರಬೇಕು,
ಹೊರಟ ಪಂಜರ ನಿಲ್ಲಬೇಕು.

ಆ ಒಂದರ ಮೇಲೆಯೇ ನನಗೆ ಮೋಹ.
ಮುದಗಲ್ಲಿನ ಕಾನ್ವೆಂಟಿನಲ್ಲಿ ಸಿಸ್ಟರ್ ಬೆನಡಿಕ್ಟಾ
ತಿದಿ ಹರಿದ ಕಾಲುಹಾರ್ಮೋನಿಯಂ ಮುಂದೆ ಕೂರಿಸಿ
ಐದು ಗೆರೆ ಎಳೆದು ಹೆಸರುಕಾಳಿನಂಥ ಸ್ವರಗಳನ್ನು ಇಡುತ್ತಿದ್ದಾಗ
ಕೇಳಿದ್ದೆ: ಒಂದೇ ಸ್ವರ ಹೋಗು ಅನ್ನಬೇಕು,
ಅದೇ ಸ್ವರ ನಿಲ್ಲು ಅನ್ನಬೇಕು, ಹೇಗೆ ಬರೆಯೋದು?
ಅವರು ಸೀಮೆಸುಣ್ಣ ಕೆಳಗಿಟ್ಟರು.
'ಅದು ಮುಂದಿನ ಪಾಠ.'
ಮುಂದಿನ ಪಾಠದ ಹೊತ್ತಿಗೆ ಅವರಿಗೆ ಮಂಗಳೂರಿಗೆ ವರ್ಗವಾಗಿತ್ತು.

'ಕೃತಿಯನ್ನು ಈ ಮೊದಲು ಎಲ್ಲಾದರೂ ನುಡಿಸಲಾಗಿದೆಯೇ?'
ಹೌದು ಎಂದರೆ ಅನರ್ಹ.
ಇಲ್ಲ ಎಂದರೆ, ದಿನಕ್ಕೆ ಮೂರು ಪಾಳಿ,
ತಲೆಗೆ ದೀಪ ಕಟ್ಟಿಕೊಂಡು ಭುಜಕ್ಕೆ ಭುಜ ಒತ್ತಿ
ಕತ್ತಲಲ್ಲಿ ನಿಂತು ಕೇಳಿದ ಅಷ್ಟೊಂದು ಮಂದಿ?
ಅವರು ಚಪ್ಪಾಳೆ ತಟ್ಟಲಿಲ್ಲ, ನಿಜ.
ಕೈಯಲ್ಲಿ ಬುತ್ತಿ ಇತ್ತು.
ಇಲ್ಲ ಎಂದೇ ಗುರುತು ಹಾಕಿದೆ.

ನಿನ್ನೆ ಸಂಜೆ ಅಪ್ಪನಿಗೆ ತೋರಿಸಿದ್ದೆ.
ಕಿವಿ ಕಲ್ಲಿಗೆ ಕೊಟ್ಟು ಬಂದವನು,
ಬೆರಳಿಟ್ಟು ಗಂಟೆಯ ಸಾಲೊಂದನ್ನೇ ಓದುತ್ತ ಹೋದ,
ಮೊಣಕಾಲ ಮೇಲೆ ಎಡಗೈ ಬಡಿಯುತ್ತ.
ಹನ್ನೊಂದನೇ ಪುಟದಲ್ಲಿ ಕೈ ನಿಂತಿತು.

'ಇಲ್ಲಿ ಮೂರು ಹೊಡದೀ.
ಮ್ಯಾಲಿಂದ ಮರುಗಂಟಿ ಬರೂದಕ್ಕಿಂತ ಮುಂಚೇನ
ಪಂಜರ ಬಿಟ್ಟೀಯಲ್ಲವ್ವಾ.
ಮಂದಿ ಸಾಯ್ತಾರ.'

ಅಲ್ಲೇ ಇಡೀ ಕೃತಿಯ ಚೆಂದ ಅಂದುಕೊಂಡಿದ್ದೆ:
ವಯೊಲಾ ಎರಡೂ ಹಗ್ಗ ಕಳಚಿದಂತೆ ಬೀಳುವ ಜಾಗ.
ಕಿವಿಗೆ ಬಾಯಿಟ್ಟು ಕೂಗಿದೆ:
'ಇದು ಬರೇ ಸಂಗೀತ ಅಪ್ಪಾ!'
ಕನ್ನಡಕ ತೆಗೆದು ಒರೆಸಿದ.
'ಆಗ್ಲಿ. ಸಂಗೀತದಾಗ ಮಂದಿ ಇರೂದಿಲ್ಲೇನು?'

ಇಡೀ ರಾತ್ರಿ ಅದೇ ಕೆಲಸ.
ಮೂರರ ನಂತರ ಒಂದು ಖಾಲಿ ಆವರ್ತ ಸೇರಿಸಿದೆ.
ಯಾರೂ ನುಡಿಸುವುದಿಲ್ಲ, ಯಾರೂ ಎಣಿಸುವುದಿಲ್ಲ,
ಎಷ್ಟು ಹೊತ್ತು ಎಂಬುದನ್ನು ಗಂಟೆಯವನೇ ತೀರ್ಮಾನಿಸಲಿ.
ಖಾಲಿಗೂ ಜಾಗ ಬೇಕು:
ಹದಿನೇಳು ಪುಟ ಹದಿನೆಂಟಾಯಿತು,
ಪುಟ ತಿರುವಬೇಕಾದಲ್ಲೆಲ್ಲ ಕ್ಲಾರಿನೆಟ್ಟಿನವನ ಎರಡೂ ಕೈ ಕೆಲಸದಲ್ಲಿ,
ಮತ್ತೆ ಎಲ್ಲ ಜೋಡಿಸು.

ನಾಲ್ಕು ಇಪ್ಪತ್ತೆರಡು.
ಕ್ವಾರ್ಟರ್ಸಿನ ಮಾಳಿಗೆ ಹತ್ತಿ, ನೀರಿನ ಟಾಕಿಗೆ ಒರಗಿ,
ಎರಡು ಗೀಟು ನೆಟ್‌ವರ್ಕು ಹಿಡಿದು ಕಳಿಸಿದೆ.
ದೂರದಲ್ಲಿ ಬಾವಿಯ ಮೇಲಿನ ಚಕ್ರ
ಯಾರನ್ನೋ ಎತ್ತಲು ತಿರುಗತೊಡಗಿತ್ತು.
ಫೋನು ನಡುಗಿತು:
'ನಿಮ್ಮ ಕೃತಿ ತಲುಪಿದೆ.
ದಯವಿಟ್ಟು ಈ ಸಂದೇಶಕ್ಕೆ ಉತ್ತರಿಸಬೇಡಿ.'

ಕೆಳಗೆ ಅಂಗಳದಲ್ಲಿ ಅಪ್ಪ,
ನಿವೃತ್ತನಾದರೂ ಪಾಳಿಗೇ ಏಳುವವನು,
ತಲೆ ಎತ್ತಿ ಕೇಳಿದ:
'ಮರುಗಂಟಿ ಬಂತೇನು?'

ಕೂಗಿದರೆ ಕೇಳದು. ಒಂದು ಬೆರಳು ಎತ್ತಿದೆ.

'ಒಂದಾ?' ಅಂದ. ಹಲ್ಲುಪುಡಿಯ ಕೈ ಅಲ್ಲೇ ನಿಂತಿತು.
'ನೀ ಆಗ ನಿಂತಿದ್ದ್ಯೋ, ಹೊಂಟಿದ್ದ್ಯೋ?'